ತೊಟ್ಟು ಉಜ್ಜುವಷ್ಟು ಹೊತ್ತು

ಹಾಸನಕ್ಕೆ ‘ಬಡವರ ಊಟಿ’ ಎಂದು ಹೆಸರಿಟ್ಟ ಪುಣ್ಯಾತ್ಮರು ಒಂದು ಸಲ ಏಪ್ರಿಲ್ ತಿಂಗಳಲ್ಲಿ ಬಂದು, ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು. ಬಡವರು ಇದ್ದಾರೆ, ಊಟಿ ಮಾತ್ರ ಎಲ್ಲೋ ಹೋಗಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಲೆಯ ಯಾವ ಕೊಠಡಿಯಲ್ಲೂ ಫ್ಯಾನ್ ಇರಲಿಲ್ಲ, ಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ. ಈಗ ಎರಡು ಫ್ಯಾನ್ ತಿರುಗಿದರೂ ಮಕ್ಕಳು ನೋಟ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂರುತ್ತಾರೆ.

ಅಂಥ ಮಧ್ಯಾಹ್ನಗಳಲ್ಲಿ ಸ್ಟ್ಯಾಂಡಿನ ಹೊರಗೆ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂರುತ್ತಾರೆ. ಕಾಯಿಯ ಮೇಲೆ ಒದ್ದೆ ಗೋಣಿಚೀಲ. ಕೈಯಲ್ಲೊಂದು ಸವೆದು ತೆಳ್ಳಗಾದ ಚಾಕು. ಸಿಪ್ಪೆಯನ್ನು ಅಲ್ಲೊಂದು ಇಲ್ಲೊಂದು ಪಟ್ಟೆ ಬಿಟ್ಟು ಹೆರೆದು, ಕಾಯಿಯನ್ನು ತುದಿಯಿಂದ ತೊಟ್ಟಿನವರೆಗೆ ಉದ್ದಕ್ಕೆ ನಾಲ್ಕು ಸೀಳು ಮಾಡುತ್ತಾರೆ. ಸೀಳು ಬೇರೆಯಾಗುವುದಿಲ್ಲ, ತೊಟ್ಟಿನ ಹತ್ತಿರ ಹಿಡಿದುಕೊಂಡಿರುತ್ತದೆ. ಅದನ್ನು ಹೂವಿನ ಹಾಗೆ ಅರಳಿಸಿ ಒಳಗೆ ಉಪ್ಪು ಖಾರ ಸವರಿ, ಹಳೇ ಪೇಪರಿನ ತುಂಡಿನಲ್ಲಿಟ್ಟು ಕೊಡುತ್ತಾರೆ. ಹತ್ತು ರೂಪಾಯಿ ಇದ್ದದ್ದು ಈಗ ಇಪ್ಪತ್ತಾಗಿದೆ. ಮೇಷ್ಟ್ರ ಕೆಲಸ ಮಾಡುವವಳು ರಸ್ತೆ ಬದಿ ನಿಂತು ಕಚಕಚ ತಿನ್ನಬಾರದು ಅಂತ ನನ್ನ ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ನಾನು ಮೂವತ್ತು ವರ್ಷದಿಂದ ತಿನ್ನುತ್ತಲೇ ಇದ್ದೇನೆ. ಪೇಪರಿನ ಮಸಿಯ ಬಗ್ಗೆ ಮಾತ್ರ ಈಗೀಗ ಹೆದರಿಕೆ ಬಂದು, ಕೈಗೇ ಕೊಡಿ ಅನ್ನುತ್ತೇನೆ.

ಸೌತೆಕಾಯಿಯನ್ನು ಹೊಗಳಿ ಬರೆಯಲು ಕೂತರೆ ಹೊಗಳಲು ಏನೂ ಸಿಗುವುದಿಲ್ಲ ಅನ್ನುವುದೇ ಅದರ ದೊಡ್ಡತನ. ಮಾವಿನಹಣ್ಣಿಗೆ ಪರಿಮಳ ಇದೆ, ಬದನೆಕಾಯಿಗೆ ಜಗಳ ಮಾಡುವ ಅಭಿಮಾನಿಗಳಿದ್ದಾರೆ, ನಮ್ಮೂರ ಆಲೂಗೆಡ್ಡೆಗೆ ರಾಜ್ಯದಲ್ಲೆಲ್ಲ ಹೆಸರಿದೆ. ಸೌತೆಕಾಯಿಗೆ ನೀರಿದೆ, ಅಷ್ಟೆ. ನೂರು ಗ್ರಾಮಿನಲ್ಲಿ 95 ಗ್ರಾಂ ನೀರೇ. ಅಂಗೈಯಲ್ಲಿ ಹಿಡಿಸುವ ಒಂದು ಕಾಯಿ ಇನ್ನೂರು ಗ್ರಾಂ ತೂಗಿದರೆ ಒಂದು ಲೋಟಕ್ಕೆ ಸ್ವಲ್ಪ ಕಡಿಮೆ ನೀರನ್ನು ನಾವು ಕಚ್ಚಿ ತಿಂದ ಹಾಗಾಯಿತು. ನಾನು ಬೆಳೆದ ಮನೆಯಲ್ಲಿ ಈ ಲೆಕ್ಕ ಪುಸ್ತಕ ಓದದೆಯೇ ಎಲ್ಲರಿಗೂ ಗೊತ್ತಿತ್ತು. ಆ ನೀರನ್ನು ಹೊತ್ತು ತಂದವರು ನಾವೇ ತಾನೆ.

ನನ್ನ ತವರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗು, ರಾಗಿ, ಮೇಕೆ, ಧೂಳು. ಊರ ಕೆರೆ ಒಳ್ಳೆ ಮಳೆಯಾದ ವರ್ಷ ತುಂಬುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ನೀರು ಹಿಂದೆ ಸರಿಯುತ್ತಾ ಹೋಗಿ ಕರೀ ಮಣ್ಣಿನ ಅಂಗಳ ಬಿಟ್ಟುಕೊಡುತ್ತಿತ್ತು. ಆ ತೇವದ ಮಣ್ಣಿನಲ್ಲಿ ಅಪ್ಪ ಮೊಣಕೈ ಆಳದ ಗುಂಡಿಗಳನ್ನು ತೆಗೆದು, ಮೇಕೆ ಗೊಬ್ಬರ ತುಂಬಿ, ಗುಂಡಿಗೆ ನಾಲ್ಕು ಬೀಜದಂತೆ ಸೌತೆ ಹಾಕುತ್ತಿದ್ದರು. ಬಿಸಿ ಮಣ್ಣಿಗೆ ನಾಲ್ಕೈದು ದಿನದಲ್ಲಿ ಮೊಳಕೆ ಮೇಲೆ ಬರುತ್ತಿತ್ತು. ಕೆರೆಯಂಗಳದಲ್ಲೇ ಒಂದು ಚಿಲುಮೆ ತೋಡಿ, ಅದರಲ್ಲಿ ಒಸರಿದ ನೀರನ್ನು ಬೊಗಸೆ ಬೊಗಸೆಯಾಗಿ ಕೊಡಕ್ಕೆ ತುಂಬಿ, ಸಂಜೆ ಶಾಲೆಯಿಂದ ಬಂದ ಮೇಲೆ ಗುಂಡಿಗೆ ಎರಡು ಚೊಂಬಿನಂತೆ ಹೊಯ್ಯುವುದು ನಮ್ಮ ಆರು ಜನ ಮಕ್ಕಳ ಕೆಲಸ. ಎರಡೇ ಚೊಂಬು. ಮೂರನೆಯದು ಹಾಕಿದರೆ ಕೊನೆಯ ಸಾಲಿನ ಗುಂಡಿಗೆ ಇರುತ್ತಿರಲಿಲ್ಲ. ಕದ್ದು ನನಗಿಷ್ಟವಾದ ಬಳ್ಳಿಗೆ ಮೂರು ಚೊಂಬು ಹೊಯ್ದು, ಅಣ್ಣನ ಕೈಲಿ ತಲೆಗೆ ಮೊಟಕಿಸಿಕೊಂಡದ್ದು ಇನ್ನೂ ನೆನಪಿದೆ.

ಮೊದಲು ಬರುವುದೆಲ್ಲ ಗಂಡು ಹೂವೇ. ಅರಳಿ ಉದುರುತ್ತವೆ, ಕಾಯಿ ಕಚ್ಚುವುದಿಲ್ಲ, ಮಕ್ಕಳ ಎದೆ ಒಡೆಯುತ್ತದೆ. ವಾರ ಹತ್ತು ದಿನ ಬಿಟ್ಟು, ಹಿಂದೆ ಕಿರುಬೆರಳಿನ ತುದಿಯಷ್ಟು ಹೀಚನ್ನು ಕಟ್ಟಿಕೊಂಡೇ ಹೆಣ್ಣು ಹೂ ಬರುತ್ತದೆ. ಜೇನುಹುಳ ಎರಡೂ ಕಡೆ ಓಡಾಡಿದರೆ ಮಾತ್ರ ಅದು ಕಾಯಾಗುವುದು. ಪರಾಗ ಅರೆಬರೆ ಬಿದ್ದರೆ ಕಾಯಿ ಕುಡುಗೋಲಿನ ಹಾಗೆ ಸೊಟ್ಟಗಾಗುತ್ತದೆ. ಹೀಚನ್ನು ಕಂಡ ಕೂಡಲೇ ‘ಅಗೋ’ ಎಂದು ಬೆರಳು ತೋರಿಸಬಾರದು ಅನ್ನುವುದು ಊರಿಗೂರೇ ನಂಬಿದ ಮಾತು. ತೋರಿಸಿದರೆ ಹೀಚು ಕೊಳೆತು ಉದುರುತ್ತದಂತೆ. ತೋರಿಸಲೇಬೇಕು ಅನ್ನಿಸಿದರೆ ಬೆರಳನ್ನು ಮಡಿಚಿ ಗೆಣ್ಣಿನಿಂದ ತೋರಿಸಬೇಕು. ಕೊಳೆಸುವುದು ಹಣ್ಣುನೊಣ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ, ಅದು ಹೀಚನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರವನ್ನೂ ಬರೆಯುತ್ತೇನೆ. ನಮ್ಮ ಹಿತ್ತಲಿಗೆ ಬಂದರೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಬಿತ್ತಿದ ನಲವತ್ತೈದು ಐವತ್ತು ದಿನಕ್ಕೆ ಮೊದಲ ಕಾಯಿ. ಅದನ್ನು ಕೊಯ್ದು ತಂದ ಮೇಲೆ ಅವ್ವನ ಪೂಜೆ ಶುರುವಾಗುತ್ತಿತ್ತು. ಈಳಿಗೆಮಣೆಯ ಮೇಲೆ ಕೂತು, ತೊಟ್ಟಿನ ಕಡೆಯಿಂದ ಹೆಬ್ಬೆರಳು ದಪ್ಪದ ಬಿಲ್ಲೆ ಕೊಯ್ದು, ಅದನ್ನೇ ಕೊಯ್ದ ಮುಖಕ್ಕೆ ಒತ್ತಿ ಗರಗರ ಉಜ್ಜುವುದು. ಬಿಳಿ ನೊರೆ ಬರುತ್ತದೆ. ನೊರೆ ಒರೆಸಿ ಮತ್ತೆ ಉಜ್ಜುವುದು. ಮತ್ತೆ ನೊರೆ. ‘ಕಹಿ ಬಿಡ್ತಾ ಇದೆ ಇರ್ರೋ’ ಎಂದು ನಮ್ಮ ಕಡೆ ನೋಡದೆ ಹೇಳುವುದು. ಆರು ಜೊತೆ ಕಣ್ಣು ಆ ಬಿಲ್ಲೆಯ ಮೇಲೆ. ಕೊನೆಗೆ ಆ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದು, ಮುಖ ಸಿಂಡರಿಸದಿದ್ದರೆ ಕಾಯಿ ನಮಗೆ. ಸಿಂಡರಿಸಿದರೆ ಮೇಕೆಗೆ.

ತಿನ್ನುವ ಬಗೆ ನಮ್ಮ ಕಡೆ ಬಹಳ ಇರಲಿಲ್ಲ. ಹಸಿಯಾಗಿ ಮುದ್ದೆ ಊಟಕ್ಕೆ ನೆಂಚಿಕೊಳ್ಳುವುದು. ಇಲ್ಲದಿದ್ದರೆ ಹುರಿದು ಕುಟ್ಟಿದ ಹುಚ್ಚೆಳ್ಳಿನ ಪುಡಿಗೆ ಹಸಿ ಸೌತೆ, ಹಸಿಮೆಣಸಿನಕಾಯಿ, ಹುಣಸೆಹುಳಿ, ಉಪ್ಪು ಹಾಕಿ ಕಲಸಿದ ಗೊಜ್ಜು. ಹುಚ್ಚೆಳ್ಳಿನ ಆ ಸುಟ್ಟ ವಾಸನೆಯ ಜಿಡ್ಡಿಗೆ ಸೌತೆಯ ನೀರು ಸೇರಿದರೆ ಏನಾಗುತ್ತದೆ ಅನ್ನುವುದನ್ನು ಬರೆದು ತಿಳಿಸುವ ಶಕ್ತಿ ನನಗಿಲ್ಲ. ಹುಚ್ಚೆಳ್ಳು ಸಿಕ್ಕಿದರೆ ಮಾಡಿ ನೋಡಿ.

ಹೀಗೆ ಸೌತೆಕಾಯಿ ಎಂದರೆ ಬೇಸಿಗೆ, ಬೇಸಿಗೆ ಎಂದರೆ ಸೌತೆಕಾಯಿ ಎಂದುಕೊಂಡೇ ನಾನು ಮದುವೆಯಾಗಿ ಸಕಲೇಶಪುರದ ಆಚೆಯ ಮನೆ ಸೇರಿದೆ. ಒಂದೇ ಜಿಲ್ಲೆ, ನೂರು ಕಿಲೋಮೀಟರಿನ ಒಳಗಿನ ದಾರಿ. ಮೊದಲ ಏಪ್ರಿಲ್‌ನಲ್ಲಿ, ಸೌತೆಕಾಯಿ ಇದೆಯಾ ಅಂತ ಕೇಳಿದ್ದಕ್ಕೆ ಅತ್ತೆ ನಕ್ಕುಬಿಟ್ಟರು. “ಬೇಸಿಗೇಲಿ ಎಲ್ಲಿಂದ ತರೋದು ಮಾರಾಯ್ತಿ? ಮಳೆ ಹಿಡೀಲಿ, ತಿಂದು ಸಾಕಾಗೋಷ್ಟು ಕೊಡ್ತೀನಿ.”

ಅವರ ಲೆಕ್ಕದಲ್ಲಿ ಸೌತೆ ಮಳೆಗಾಲದ ತರಕಾರಿ. ರೋಹಿಣಿ ಮಳೆ ನೋಡಿಕೊಂಡು ಹಿತ್ತಲಿನ ಏರಿನ ಮೇಲೆ ಬೀಜ ಊರುತ್ತಿದ್ದರು, ಬಳ್ಳಿ ಹಬ್ಬಲು ಒಣ ರೆಂಬೆ ಚುಚ್ಚುತ್ತಿದ್ದರು. ನೀರು ಹಾಕುವ ಮಾತೇ ಇಲ್ಲ. ನೀರು ಬೇಡ ಎಂದರೂ ಆಕಾಶ ಬಿಡುತ್ತಿರಲಿಲ್ಲ. ಜುಲೈ ಆಗಸ್ಟಿನಲ್ಲಿ, ಮೂರು ದಿನ ಬಟ್ಟೆ ಒಣಗದ ಚಳಿಯಲ್ಲಿ, ಮೈಮೇಲೆ ಸಣ್ಣ ಮುಳ್ಳಿನ ಮುಳ್ಳುಸೌತೆ ಬುಟ್ಟಿ ಬುಟ್ಟಿ ಬರುತ್ತಿದ್ದವು. ಒಲೆ ಮುಂದೆ ಕಂಬಳಿ ಹೊದ್ದುಕೊಂಡು ಹಸಿ ಸೌತೆಕಾಯಿ ತಿನ್ನುವುದು ನನಗೆ ಅಸಂಬದ್ಧ ಅನ್ನಿಸುತ್ತಿತ್ತು. ಅವರೂ ಹಸಿಯಾಗಿ ತಿನ್ನುತ್ತಿದ್ದದ್ದು ಕಡಿಮೆಯೇ. ತುರಿದು, ಹಿಂಡದೆ, ಆ ನೀರಿಗೇ ಅಕ್ಕಿಹಿಟ್ಟು ಕಲಸಿ ಬಾಳೆ ಎಲೆಯ ಮೇಲೆ ತಟ್ಟಿ ರೊಟ್ಟಿ ಸುಡುತ್ತಿದ್ದರು. ಅಕ್ಕಿ ತರಿಗೆ ಬೆಲ್ಲ, ಕಾಯಿತುರಿ, ಸೌತೆತುರಿ ಸೇರಿಸಿ ಕಡುಬು ಬೇಯಿಸುತ್ತಿದ್ದರು. ಎರಡಕ್ಕೂ ಒಂದು ತೊಟ್ಟು ಹೊರಗಿನ ನೀರು ಹಾಕಬಾರದು ಅನ್ನುವುದು ಅವರ ಕಟ್ಟಪ್ಪಣೆ. “ಸೌತೇಲಿ ಇರೋದೇ ನೀರು. ಅದನ್ನ ಬಿಟ್ಟು ಕೊಡದಲ್ಲಿರೋ ನೀರು ಹಾಕಿದ್ರೆ ಸೌತೆ ಯಾಕೆ ಬೇಕು?”

ನೀರಿಗೆ ಬಡತನವೇ ಇಲ್ಲದ ಊರಿನ ಹೆಂಗಸು ಕೂಡ ಸೌತೆಯ ನೀರನ್ನು ಬೇರೆ ಲೆಕ್ಕದಲ್ಲೇ ಇಟ್ಟಿದ್ದರು ಅನ್ನುವುದು ಆಗ ಹೊಳೆದಿರಲಿಲ್ಲ.

ಬೀಜದ ಕಾಯಿಯನ್ನು ಬಳ್ಳಿಯಲ್ಲೇ ಹಳದಿಯಾಗುವವರೆಗೆ ಬಿಟ್ಟು, ಆಮೇಲೆ ಬೀಜ ತೊಳೆದು ಬೂದಿ ಸೆಗಣಿಯ ಜೊತೆ ಕಲಸಿ ಅಡುಗೆಮನೆ ಗೋಡೆಗೆ ಮೆತ್ತಿಬಿಡುತ್ತಿದ್ದರು ಅತ್ತೆ. ಹೊಗೆ ಹಿಡಿದು ಕಪ್ಪಾದ ಬಿಲ್ಲೆಗಳು ಗೋಡೆ ತುಂಬ. ಇದು ಸೌತೆ, ಇದು ಹಾಗಲ, ಇದು ಬಣ್ಣದ ಸೌತೆ ಎಂದು ಅವರಿಗೆ ಕತ್ತಲಲ್ಲೂ ಗೊತ್ತು. ಬಣ್ಣದ ಸೌತೆ ಎಂದರೆ ಸಾಂಬಾರಿಗೆ ಹಾಕುವ, ಹಳದಿ ಪಟ್ಟೆಯ ದಪ್ಪ ಕಾಯಿ. ಪೇಟೆಯಲ್ಲಿ ಮಂಗಳೂರು ಸೌತೆ ಅನ್ನುತ್ತಾರೆ. ಹೆಸರಿನಲ್ಲಿ ಸೌತೆ ಇದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದು ಕರಬೂಜದ ವಂಶದ್ದು. ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಎಳೆ ಸೌತೆಗೆ ಆ ತಾಳ್ಮೆ ಇಲ್ಲ, ಕೊಯ್ದ ನಾಲ್ಕನೇ ದಿನ ಅದರ ಮುಖ ನೋಡಲಾಗುವುದಿಲ್ಲ.

ನಮ್ಮ ಮಾವನವರಿಗೆ ದಿನಾ ಮೃತ್ಯುಂಜಯ ಮಂತ್ರ ಹೇಳುವ ಅಭ್ಯಾಸ. ‘ಉರ್ವಾರುಕಮಿವ ಬಂಧನಾತ್’ ಅನ್ನುವ ಕಡೆ ಬಂದಾಗಲೆಲ್ಲ, ಸೌತೆಕಾಯಿ ತೊಟ್ಟಿನಿಂದ ಕಳಚಿಕೊಳ್ಳುವ ಹಾಗೆ ಸಾವಿನಿಂದ ಬಿಡಿಸು ಎಂದು ಅರ್ಥ ಹೇಳುತ್ತಿದ್ದರು. ಮಂತ್ರ ಋಗ್ವೇದದ ಏಳನೇ ಮಂಡಲದ್ದು. ಅಷ್ಟು ಹಳೆಯ ಮಾತಿನಲ್ಲಿ ನಮ್ಮ ಹಿತ್ತಲಿನ ಬಳ್ಳಿ ಬಂತಲ್ಲ ಎಂದು ನನಗೆ ಖುಷಿಯೇ. ಆದರೆ ಅತ್ತೆ ಒಪ್ಪುತ್ತಿರಲಿಲ್ಲ. “ಸೌತೆಕಾಯಿ ಎಲ್ಲಾದ್ರೂ ತಾನಾಗಿ ಕಳಚುತ್ತಾ? ಕತ್ತಿ ತಗೊಂಡು ಹೋಗ್ಬೇಕು. ಕಳಚೋದು ಕೆಕ್ಕರಿಕೆ ಹಣ್ಣು.” ಉರ್ವಾರುಕ ಎಂದರೆ ಸೌತೆಯೋ ಕೆಕ್ಕರಿಕೆಯೋ ಎಂದು ಪಂಡಿತರು ಹೇಗೆ ಬೇಕಾದರೂ ಬಿಡಿಸಲಿ, ನನ್ನ ಮತ ಅತ್ತೆಗೆ. ಕೆಕ್ಕರಿಕೆ ಹಣ್ಣಾದರೆ ತೊಟ್ಟಿನ ಸುತ್ತ ಗೆರೆ ಬಿದ್ದು, ಮುಟ್ಟಿದರೆ ಕೈಗೆ ಬರುತ್ತದೆ, ಮೈ ಬಿರಿದು ಮನೆಯೆಲ್ಲ ಘಮಘಮ. ಸೌತೆ ಹಾಗೆ ಸುಲಭಕ್ಕೆ ಬಿಟ್ಟುಕೊಡುವ ಜಾತಿಯಲ್ಲ.

ಈಗ ಆರೋಗ್ಯದ ಮಾತು. ಮಾರ್ಚ್ ಬಂತೆಂದರೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸೌತೆಕಾಯಿ ಸರ್ವರೋಗ ನಿವಾರಿಣಿಯಾಗುತ್ತದೆ. ಕ್ಯಾನ್ಸರ್ ಓಡಿಸುತ್ತದೆ, ಮೈಯ ವಿಷ ತೊಳೆಯುತ್ತದೆ, ಏಳು ದಿನದಲ್ಲಿ ಏಳು ಕೆ.ಜಿ. ಇಳಿಸುತ್ತದೆ. ಪಾಪ, ಅದರ ಮೇಲೆ ಇಷ್ಟು ಭಾರ ಹೊರಿಸಬಾರದು. ನೂರು ಗ್ರಾಮಿಗೆ 15 ಕ್ಯಾಲೊರಿ, 150 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ, ಸ್ವಲ್ಪ ಕೆ ವಿಟಮಿನ್, ಸ್ವಲ್ಪ ನಾರು. ಇವುಗಳಲ್ಲಿ ಒಳ್ಳೆ ಪಾಲು ಸಿಪ್ಪೆಯಲ್ಲಿ ಮತ್ತು ಸಿಪ್ಪೆಗೆ ಅಂಟಿದ ಹಸಿರಿನಲ್ಲಿದೆ. ಆ ಹೆಂಗಸು ಪಟ್ಟೆ ಪಟ್ಟೆಯಾಗಿ ಹೆರೆಯುವುದು ಅಂದಕ್ಕೋ ಆತುರಕ್ಕೋ ಇರಬಹುದು, ಲಾಭ ಮಾತ್ರ ನಮಗೇ. ಮೈಯ ವಿಷ ತೊಳೆಯಲು ಮೂತ್ರಪಿಂಡ ಇದೆ, ಅದಕ್ಕೆ ಬೇಕಾದದ್ದು ನೀರು, ಸೌತೆ ಕೊಡುವುದೂ ನೀರು. ಬಿಸಿಲಲ್ಲಿ ಬೆವರಿ ಬಂದವರಿಗೆ ಉಪ್ಪು ಸವರಿದ ಸೌತೆ ಏಕೆ ಹಿತ ಎಂದರೆ ಬೆವರಿನಲ್ಲಿ ಹೋದದ್ದೂ ಅವೆರಡೇ, ನೀರು ಮತ್ತು ಉಪ್ಪು. ಬಿ.ಪಿ. ಇರುವ ನಮ್ಮ ಯಜಮಾನರಿಗೆ ಮಾತ್ರ ನಾನು ಉಪ್ಪಿನ ಬದಲು ನಿಂಬೆಹುಳಿ ಹಿಂಡಿ ಕೊಡುತ್ತೇನೆ. ಅವರು ಬಸ್ ಸ್ಟ್ಯಾಂಡಿನಲ್ಲಿ ಏನು ತಿನ್ನುತ್ತಾರೋ ದೇವರಿಗೇ ಪ್ರೀತಿ.

ಕಣ್ಣಿನ ಮೇಲೆ ಬಿಲ್ಲೆ ಇಟ್ಟುಕೊಂಡು ಮಲಗುವುದರ ಬಗ್ಗೆ ನನಗೆ ತಕರಾರಿಲ್ಲ, ತಂಪಾಗಿರುತ್ತದೆ. ಆದರೆ ತಿನ್ನುವ ವಸ್ತು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಸೌತೆಕಾಯಿಯನ್ನು ಫ್ರಿಜ್ಜಿನ ಹಿಂಭಾಗಕ್ಕೆ ತಳ್ಳಬೇಡಿ. ಬಿಸಿಲಿನ ಬಳ್ಳಿಯ ಕಾಯಿಗೆ 10 ಡಿಗ್ರಿಗಿಂತ ಕೆಳಗಿನ ಚಳಿ ಆಗುವುದಿಲ್ಲ. ನಾಲ್ಕು ಡಿಗ್ರಿಯಲ್ಲಿ ವಾರ ಇಟ್ಟರೆ ಮೈಮೇಲೆ ಕುಳಿ ಬಿದ್ದು, ಒಳಗೆ ನೀರು ನೀರಾಗಿ, ಹೊರಗೆ ತೆಗೆದ ಮರುದಿನವೇ ಲೋಳೆ ಬರುತ್ತದೆ. ಅವ್ವ ಒದ್ದೆ ಬಟ್ಟೆ ಸುತ್ತಿ ನೀರಿನ ಹಂಡೆಯ ಪಕ್ಕ ನೆಲದ ಮೇಲೆ ಇಡುತ್ತಿದ್ದದ್ದೇ ಸರಿಯಾದ ಜಾಗ. ಫ್ರಿಜ್ಜಿಗೇ ಹೋಗಬೇಕಾದರೆ ಬಾಗಿಲ ಕಡೆ, ಬಟ್ಟೆ ಸುತ್ತಿ, ಎರಡು ಮೂರು ದಿನಕ್ಕೆ ಸಾಕು.

2024ರ ಬೇಸಿಗೆ ನನಗೆ ಸೌತೆಕಾಯಿಯ ಇನ್ನೊಂದು ಮುಖ ತೋರಿಸಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಆ ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲೇ 38.5 ಡಿಗ್ರಿ. ಅಲ್ಲಿ ಕೆಲಸದಲ್ಲಿರುವ ಮಗಳು ಟ್ಯಾಂಕರ್ ಬರುವ ಹೊತ್ತಿಗೆ ಅಲಾರಂ ಇಟ್ಟುಕೊಂಡು ಮಲಗುತ್ತಿದ್ದಳು. ಹಾಸನದ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳಿದವು. ನಾನು ಫೆಬ್ರವರಿಯಲ್ಲೇ ಹಿತ್ತಲಲ್ಲಿ ಆರು ಪಾತಿ ಸೌತೆ ಹಾಕಿ ಕೂತಿದ್ದೆ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕೈಕಾಲು ತೊಳೆದ ನೀರು, ಏನೆಲ್ಲ ಸಾಧ್ಯವೋ ಅದನ್ನೆಲ್ಲ ಹೊತ್ತೆ. ಒಂದು ದಿನ ಎರಡು ಚೊಂಬು, ಮೂರು ದಿನ ಏನೂ ಇಲ್ಲ, ಮತ್ತೊಂದು ದಿನ ಒಂದು ಬಕೆಟ್. ಎಲೆ ಮಧ್ಯಾಹ್ನ ಸೊರಗಿ, ರಾತ್ರಿ ತಲೆ ಎತ್ತಿ, ಬೆಳಿಗ್ಗೆ ನನ್ನನ್ನು ನೋಡುತ್ತಿದ್ದವು.

ಕಾಯಿ ಬಿಟ್ಟವು. ನೋಡಲು ಚೆನ್ನಾಗಿಯೇ ಇದ್ದವು. ಮೊದಲ ಕಾಯಿ ಕೊಯ್ದು, ತೊಟ್ಟು ಕತ್ತರಿಸಿ, ಅವ್ವನ ಹಾಗೆಯೇ ಉಜ್ಜಿ, ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಬೇವಿನ ಕಡ್ಡಿ ಅಗಿದ ಹಾಗೆ. ಉಗಿದು, ನಡುವಿನ ಹೋಳು ನೋಡಿದೆ. ಅದೂ ಕಹಿ. ಎರಡನೆಯ ಕಾಯಿ, ಮೂರನೆಯದು, ಎಲ್ಲವೂ. ಎರಡು ತಿಂಗಳು ಹೊತ್ತ ನೀರೆಲ್ಲ ಈ ಕಹಿಗಾ ಎಂದು ಕಣ್ಣಲ್ಲಿ ನೀರು ಬಂತು. ಅದನ್ನೂ ಪಾತಿಗೆ ಹಾಕಬಹುದಿತ್ತು ಎಂದು ಯಜಮಾನರು ತಮಾಷೆ ಮಾಡಿದರು.

ಆಮೇಲೆ ಕೂತು ಓದಿದೆ. ಸೌತೆಯ ಮೂಲ ಹಿಮಾಲಯದ ತಪ್ಪಲು. ಅಲ್ಲಿ ಇಂದಿಗೂ ಬೆಳೆಯುವ ಅದರ ಕಾಡು ನಂಟ ಕೋಳಿಮೊಟ್ಟೆ ಗಾತ್ರದ್ದು, ಬಾಯಿಗೆ ಇಡಲಾರದ ಕಹಿ. ಕುಕುರ್ಬಿಟಾಸಿನ್ ಎನ್ನುವ ಆ ಕಹಿ ಗಿಡ ತನ್ನ ರಕ್ಷಣೆಗೆ ಮಾಡಿಕೊಳ್ಳುವ ಅಸ್ತ್ರ, ಮೇಯಲು ಬರುವ ಪ್ರಾಣಿ ಮತ್ತು ಹುಳುಗಳಿಗೆ. ಮನುಷ್ಯ ಸಾವಿರಾರು ವರ್ಷ ಕಡಿಮೆ ಕಹಿಯ ಕಾಯಿಯ ಬೀಜವನ್ನೇ ಎತ್ತಿಟ್ಟುಕೊಂಡು, ಗಿಡದ ಆ ಅಸ್ತ್ರವನ್ನು ಎಲೆಯಲ್ಲಿ ಉಳಿಸಿ ಕಾಯಿಯಿಂದ ಮರೆಸಿದ. 2014ರಲ್ಲಿ ಚೀನಾದ ವಿಜ್ಞಾನಿಗಳು ಈ ಕಹಿಯನ್ನು ಕಟ್ಟುವ ಒಂಬತ್ತು ಜೀನ್‌ಗಳನ್ನೂ, ಅವನ್ನು ಎಲೆಯಲ್ಲಿ ಒಂದು, ಕಾಯಿಯಲ್ಲಿ ಒಂದು ಎಂದು ಬೇರೆ ಬೇರೆಯಾಗಿ ನಡೆಸುವ ಎರಡು ಸ್ವಿಚ್ಚುಗಳನ್ನೂ ಗುರುತಿಸಿದರು. ಕಾಯಿಯ ಸ್ವಿಚ್ಚು ಆರಿರುತ್ತದೆ, ಕಿತ್ತುಹೋಗಿರುವುದಿಲ್ಲ. ಅತಿ ಬಿಸಿಲು, ಒಂದು ದಿನ ನೀರು ಮೂರು ದಿನ ಉಪವಾಸ, ಇಂಥ ಸಂಕಟ ಬಂದರೆ ಹಳೆಯ ಕಾಡು ಮತ್ತೆ ಕಾಯಿಯೊಳಗೆ ಬರುತ್ತದೆ. ಒಟ್ಟು ನೀರು ಕಡಿಮೆಯಾದದ್ದಕ್ಕಿಂತ ಹೊತ್ತು ಗೊತ್ತಿಲ್ಲದೆ ಬಂದದ್ದೇ ಹೆಚ್ಚು ಕಾಡುತ್ತದೆ. ಗುಂಡಿಗೆ ದಿನಾ ಎರಡೇ ಚೊಂಬು, ಆದರೆ ದಿನಾ, ಎಂದು ಅಪ್ಪ ಹಟ ಹಿಡಿದದ್ದು ಇದಕ್ಕೇ ಏನೋ. ಅಣ್ಣನ ಮೊಟಕಿಗೂ ಈಗ ಅರ್ಥ ಬಂತು.

ಕಹಿ ಹೆಚ್ಚಾಗಿ ಕೂಡುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ. ಆದ್ದರಿಂದ ತೊಟ್ಟಿನ ಕಡೆಯ ಹೆಬ್ಬೆರಳಷ್ಟು ಕತ್ತರಿಸಿ ಎಸೆಯುವುದು ಸರಿಯಾದ ಕೆಲಸವೇ. ಉಜ್ಜಿದಾಗ ಬರುವ ಬಿಳಿ ನೊರೆ ಬಳ್ಳಿಯ ರಸನಾಳಗಳಿಂದ ಒಸರುವ ರಸ. ಅದನ್ನು ಎಷ್ಟು ಒರೆಸಿದರೂ ನಡುವಿನ ತಿರುಳಿನಲ್ಲಿ ಕೂತ ಕಹಿ ಎದ್ದು ಬರುವುದಿಲ್ಲ. ಪೂರ್ತಿ ಕಹಿ ಕಾಯಿಯನ್ನು ಔಷಧಿ ಎಂದು ನುಂಗುವ ಸಾಹಸವೂ ಬೇಡ, ಹೊಟ್ಟೆ ಕೆಟ್ಟು ವಾಂತಿಯಾಗುತ್ತದೆ. ಕಹಿ ಸೋರೆಕಾಯಿ ರಸ ಕುಡಿದು ಆಸ್ಪತ್ರೆ ಸೇರಿದವರಿಗೂ ಇದೇ ಕುಕುರ್ಬಿಟಾಸಿನ್ ಕಾರಣ. ಬಾಯಿ ಬೇಡ ಎಂದರೆ ಉಗಿಯಿರಿ.

ಅದೇ ಬರದ ಬೇಸಿಗೆಯಲ್ಲಿ ತವರಿಗೆ ಹೋಗುವ ದಾರಿಯಲ್ಲಿ ಹಸಿರಾಗಿ ನಿಂತ ಒಂದು ಎಕರೆ ಸೌತೆ ಕಂಡೆ. ನಮ್ಮ ಚಿಕ್ಕಪ್ಪನ ಮಗನದೇ. ಹನಿ ನೀರಾವರಿ, ದಾರ ಕಟ್ಟಿ ಮೇಲೇರಿಸಿದ ಬಳ್ಳಿ. ಅದು ಮಿಡಿಸೌತೆ, ತೊಂಬತ್ತು ದಿನದ ಬೆಳೆ. ಕಂಪನಿಯವರೇ ಬೀಜ ಕೊಟ್ಟು, ದರ ಮೊದಲೇ ಗೊತ್ತುಮಾಡಿ, ಕಾಯಿ ಕೊಂಡೊಯ್ಯುತ್ತಾರೆ. ಬೆರಳುದ್ದ ಆಗುವ ಮೊದಲೇ ಕೀಳಬೇಕು. ದಿನಾ ಕೀಳಬೇಕು, ಒಂದು ದಿನ ತಪ್ಪಿದರೆ ಮಿಡಿ ಕಾಯಾಗಿ ದರ ಬೀಳುತ್ತದೆ. ಕೆ.ಜಿ.ಗೆ 160ಕ್ಕಿಂತ ಹೆಚ್ಚು ಮಿಡಿ ತೂಗಿದರೆ ಮೇಲಿನ ದರ್ಜೆ, ಆಮೇಲೆ ನೂರರ ಮೇಲಿನದು, ಅರವತ್ತರ ಮೇಲಿನದು, ಹೀಗೆ. ಸಣ್ಣದಕ್ಕೇ ಹೆಚ್ಚು ಬೆಲೆ ಅನ್ನುವ ವ್ಯಾಪಾರ ನಮ್ಮ ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದರು. ಆ ಮಿಡಿ ಉಪ್ಪುನೀರು, ವಿನೆಗರಿನ ಡ್ರಮ್ಮು ಸೇರಿ ಹಡಗು ಹತ್ತುತ್ತದೆ. 2020–21ರಲ್ಲಿ ದೇಶದಿಂದ ಹೀಗೆ ಹೋದದ್ದು 2 ಲಕ್ಷ 23 ಸಾವಿರ ಟನ್. ಕರ್ನಾಟಕದಲ್ಲಿ 1990ರ ಸುಮಾರಿಗೆ ಶುರುವಾದ ಈ ಬೆಳೆಗೆ ನಮ್ಮ ಜಿಲ್ಲೆಯ ಪಾಲೂ ಇದೆ.

“ತಿಂದು ನೋಡಿದ್ದೀಯೇನೋ?” ಅಂದೆ.

“ಇದನ್ಯಾರು ತಿಂತಾರಕ್ಕ, ಹುಳಿ ಹಾಕಿ ಅವರೇ ತಿನ್ನಲಿ. ನಮಗೆ ಅಂತ ಆ ಬದೂನಲ್ಲಿ ನಾಟಿ ನಾಲ್ಕು ಬಳ್ಳಿ ಬಿಟ್ಟಿದ್ದೀನಿ” ಎಂದು ಗೆಣ್ಣು ಮಡಚಿ ತೋರಿಸಿದ.

ಅವನ ಬೋರ್‌ವೆಲ್ ಎಷ್ಟು ಅಡಿ ಎಂದು ಕೇಳಿದೆ. ಹೇಳಿದ. ಇಲ್ಲಿ ಬರೆಯುವುದಿಲ್ಲ, ಅವನ ಹೆಂಡತಿಗೆ ಸಾಲದ ಲೆಕ್ಕ ಇನ್ನೂ ಪೂರ್ತಿ ಹೇಳಿಲ್ಲ. ಸೌತೆಯಲ್ಲಿ ಇರುವುದು ನೀರೇ ಎಂದಾದರೆ ಅಷ್ಟು ಆಳದಿಂದ ಎತ್ತಿದ ಅರಸೀಕೆರೆಯ ನೀರು ಡ್ರಮ್ಮಿನಲ್ಲಿ ಕೂತು ಸಮುದ್ರ ದಾಟುತ್ತಿದೆ. ತಪ್ಪು ಎಂದು ಹೇಳಲು ನನಗೆ ಬಾಯಿಲ್ಲ. ರಾಗಿ ಬೆಳೆದಿದ್ದರೆ ಆ ವರ್ಷ ಅವನ ಕೈಗೆ ಬರುತ್ತಿದ್ದದ್ದು ಹುಲ್ಲು.

ಈ ವರ್ಷದ ರಾಮನವಮಿಗೆ ಅವ್ವನನ್ನು ಹಾಸನಕ್ಕೆ ಕರೆತಂದಿದ್ದೆ. ಬೀದಿ ಬೀದಿಯಲ್ಲಿ ಚಪ್ಪರ, ಬೆಲ್ಲದ ಪಾನಕ, ನೀರುಮಜ್ಜಿಗೆ, ದೊನ್ನೆಯಲ್ಲಿ ಕೋಸಂಬರಿ. ಮನೆಯಲ್ಲೂ ಮಾಡಬೇಕು. ಕೋಸಂಬರಿಗೆ ನಾನು ಕಟ್ಟುನಿಟ್ಟು. ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು, ಉಗುರಿನಲ್ಲಿ ಒತ್ತಿದರೆ ಮುರಿಯಬೇಕು, ಹಿಟ್ಟಾಗಬಾರದು. ಸೋಸಿ ಬಟ್ಟೆಯ ಮೇಲೆ ಹರಡಿ ಪಸೆ ಆರಿಸಬೇಕು. ಸೌತೆಯನ್ನು ತುರಿಯುವವರ ಮನೆಯಲ್ಲಿ ನಾನು ಕೋಸಂಬರಿ ಹಾಕಿಸಿಕೊಳ್ಳುವುದಿಲ್ಲ. ಕಾಯಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಚಾಕುವಿನಲ್ಲಿ ಮೇಲಿಂದ ಟಕಟಕ ಕೊಚ್ಚಿ, ಆಮೇಲೆ ಅಡ್ಡಡ್ಡ ಸವರಿದರೆ ಬೇಳೆಯಷ್ಟೇ ಗಾತ್ರದ ಹೋಳು ಉದುರುತ್ತದೆ. ಹಲ್ಲಿಗೆ ಬೇಳೆ ಯಾವುದು ಸೌತೆ ಯಾವುದು ತಿಳಿಯಬಾರದು, ನೀರು ಬಂದಾಗ ಮಾತ್ರ ತಿಳಿಯಬೇಕು. ಕಾಯಿತುರಿ, ಹಸಿಮೆಣಸು, ಕೊತ್ತಂಬರಿ, ಸಾಸಿವೆ ಇಂಗಿನ ಒಗ್ಗರಣೆ, ನಿಂಬೆಹಣ್ಣು. ಉಪ್ಪು ಎಲೆ ಹಾಕಿದ ಮೇಲೆ. ಮೊದಲೇ ಹಾಕಿದರೆ ಸೌತೆ ತನ್ನ ನೀರನ್ನೆಲ್ಲ ಪಾತ್ರೆಗೆ ಬಿಟ್ಟು ಸಪ್ಪೆ ಮುಖ ಮಾಡಿಕೊಂಡು ಕೂರುತ್ತದೆ.

ಅವ್ವನಿಗೆ ಈಗ ಮೇಲಿನ ಸಾಲಿನಲ್ಲಿ ಮೂರು ಹಲ್ಲು. ಕೋಸಂಬರಿ ಆಗುವುದಿಲ್ಲ. ಅವರಿಗೆ ಅಂತ ಒಂದು ಎಳೆ ಕಾಯಿ ಎತ್ತಿಟ್ಟು, ತುರಿದು ಮೊಸರಿಗೆ ಹಾಕೋಣ ಎಂದು ತೊಟ್ಟು ಕತ್ತರಿಸಿ ಬಿಸಾಡಿದೆ.

“ಉಜ್ಜಲಿಲ್ವಲ್ಲೇ” ಅಂದರು ಮಣೆಯ ಮೇಲಿಂದ.

ಪಾಠ ಮಾಡುವ ಚಟ ಬಿಡಬೇಕಲ್ಲ. ಕುಕುರ್ಬಿಟಾಸಿನ್ ಹೆಸರೊಂದು ಬಿಟ್ಟು ಎಲ್ಲ ಹೇಳಿದೆ. ಕಹಿ ಎಲ್ಲಿರುತ್ತದೆ, ನೊರೆ ಯಾಕೆ ಬರುತ್ತದೆ, ತೊಟ್ಟು ತೆಗೆದರೆ ಸಾಕು, ಉಜ್ಜಿ ಪ್ರಯೋಜನ ಇಲ್ಲ. ಅವ್ವ ಪೂರ್ತಿ ಕೇಳಿಸಿಕೊಂಡರು.

“ಅದು ನಂಗೊತ್ತಿಲ್ವೇನೆ. ಇರ್ತಿದ್ದದ್ದು ಒಂದು ಕಾಯಿ, ನೀವು ಆರು ಜನ. ಹೊಲದಿಂದ ನಿಮ್ಮಪ್ಪ ಬರೋವರೆಗೂ ನಿಮ್ಮನ್ನ ಕೂರಿಸ್ಕೊಳ್ಳೋದು ಹೆಂಗೆ? ಉಜ್ತಾ ಇದ್ದೆ.”

ಮೊಸರುಬಜ್ಜಿಗೆ ತುರಿದದ್ದು ತುರಿದಾಗಿತ್ತು. ಬುಟ್ಟಿಯಲ್ಲಿ ಇನ್ನೊಂದು ಕಾಯಿ ಇತ್ತು. ಅದರ ತೊಟ್ಟು ಕತ್ತರಿಸಿ, ಬಿಲ್ಲೆ ಸಮೇತ ಅವರ ಕೈಗೆ ಕೊಟ್ಟೆ. ಯಜಮಾನರು ಸ್ನಾನ ಮುಗಿಸಿ ಪಂಚೆ ಉಡುತ್ತಿದ್ದರು. ಅವರು ಬರುವವರೆಗೆ ಅವ್ವ ಉಜ್ಜಿದರು.